ಬೀಜದ ಹೋರಿಗೆ ಮರ್ಮಾಂಗದಲ್ಲಿ ಪೆಟ್ಟಾದರೆ: ನಮ್ಮ ಹೋಬಳಿ ಪಶು ಆಸ್ಪತ್ರೆ ನಾನು ಕಂಡಂತೆ

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹಿಡಿದುಕೊಂಡೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ. ಇದು ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ ಊರಿನ ಸರ್ಕಾರಿ ಪಶು ಆಸ್ಪತ್ರೆ. ತಮ್ಮ ಹೆಸರು ಎಲ್ಲೂ ಹಾಕಬೇಡಿ ಅಂತ ಡಾಕ್ಟರ್ ಕೇಳಿಕೊಂಡಿದ್ದಾರೆ. ಊರಿನ ಹೆಸರು ಹಾಕಿದರೆ ಅವರ ಹೆಸರು ಹಾಕಿದ ಹಾಗೇ ಆಗುತ್ತದೆ, ಅದಕ್ಕೆ ಅದನ್ನೂ ಬಿಟ್ಟಿದ್ದೇನೆ. ನಮ್ಮ ಕಡೆಯವರಿಗೆ ಓದುತ್ತಲೇ ಗೊತ್ತಾಗುತ್ತದೆ. ದೂರದವರಿಗೆ ಆಸ್ಪತ್ರೆ ಯಾವುದು ಅನ್ನುವುದಕ್ಕಿಂತ ಒಳ್ಳೆಯ ಪಶು ಆಸ್ಪತ್ರೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ತಿಳಿದರೆ ಸಾಕು.

ನಮ್ಮ ಮನೆಯಲ್ಲಿ ಮಾವನವರ ಕಾಲದಿಂದಲೂ ಹಳ್ಳಿಕಾರ್ ಬೀಜದ ಹೋರಿ ಇದೆ. ಸುತ್ತಲ ಊರಿನವರು ಬೆದೆಗೆ ಬಂದ ಹಸುಗಳನ್ನು ನಮ್ಮ ಮನೆಗೇ ಹೊಡೆದುಕೊಂಡು ಬರುತ್ತಾರೆ. ಮಾವ ಹೋದ ಮೇಲೆ, ಮನೆಯವರು ಲಾರಿ ಮೇಲೆ ಇರುವುದರಿಂದ, ಹೋರಿಯ ಮೇವು, ನೀರು, ಮೈ ತೊಳೆಯುವುದು, ಹಸು ಬಂದಾಗ ಹಗ್ಗ ಹಿಡಿಯುವುದು ಎಲ್ಲ ನನ್ನದೇ ಆಗಿದೆ. ಹೆಂಗಸರು ಹೋರಿಯ ಮರ್ಮಾಂಗದ ವಿಷಯ ಬಾಯಿಬಿಟ್ಟು ಮಾತಾಡಬಾರದು ಅಂತ ನಮ್ಮಲ್ಲಿ ಇನ್ನೂ ಹೇಳುವವರಿದ್ದಾರೆ. ಮಾತಾಡದೆ ಬಿಟ್ಟು, ನಾಚಿಕೆಗೆ ತಡ ಮಾಡಿ ಹಾಳಾದ ಹೋರಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಎಲ್ಲವನ್ನೂ ಹೆಸರಿಟ್ಟೇ ಬರೆಯುತ್ತೇನೆ.

ಹಿಂದಿನ ಮುಂಗಾರಿನಲ್ಲಿ, ಮಳೆ ಬಂದು ನಿಂತ ಒಂದು ಬೆಳಿಗ್ಗೆ, ಪಕ್ಕದೂರಿಂದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಒಂದು ಎತ್ತರದ ಹಸು ಬಂತು. ಹೋರಿ ಹಾರಿತು. ಸರಿಯಾಗಿ ಅದು ಜೋರಾಗಿ ನುಗ್ಗಿದ ಹೊತ್ತಿಗೆ ಹಸುವಿನ ಹಿಂಗಾಲು ಕೆಸರಿನಲ್ಲಿ ಜಾರಿ ಪಕ್ಕಕ್ಕೆ ವಾಲಿತು. ಹೋರಿ ಒಂದು ಸಲ ಬೆನ್ನು ಬಿಲ್ಲಿನಂತೆ ಮಾಡಿ ಕೆಳಗಿಳಿಯಿತು. ಕೂಗಲಿಲ್ಲ, ಕುಂಟಲಿಲ್ಲ. ಆದರೆ ಮತ್ತೆ ಹಸುವಿನ ಹತ್ತಿರ ಹೋಗಲಿಲ್ಲ. ಹಸು ಎದುರಿಗೇ ಇರುವಾಗ ನಮ್ಮ ಹೋರಿ ಮುಖ ತಿರುಗಿಸಿ ನಿಲ್ಲುವುದಾ? ಅಲ್ಲೇ ನನಗೆ ಅನುಮಾನ ಬಂತು. ಮಧ್ಯಾಹ್ನದ ಹೊತ್ತಿಗೆ ತರಡಿನ (ವೃಷಣದ) ಮುಂದೆ, ಹೊಟ್ಟೆಯ ಕೆಳಗೆ, ಎರಡೂ ಕಡೆ ಸಮನಾಗಿ ಬಾವು ಬಂದಿತ್ತು. ಮುಟ್ಟಿದರೆ ಬೆಚ್ಚಗೆ. ಶಿಶ್ನದ ತೊಗಲಿನ ಬಾಯಿಯ ಹತ್ತಿರ ಒಳಗಿನ ಕೆಂಪು ಚರ್ಮ ಸ್ವಲ್ಪ ಹೊರಗೆ ಇಣುಕುತ್ತಿತ್ತು.

ಈಗ ಸಲಹೆ ಕೊಡುವವರು ಬಂದರು. ಬರೆ ಹಾಕಿಸು ಅಂದರು ಒಬ್ಬರು. ದನದ ಔಷಧಿ ಮಾರುವ ಒಬ್ಬಾತ, ಒಳಗೆ ಕೆಟ್ಟ ರಕ್ತ ನಿಂತಿದೆ, ದಪ್ಪ ಸೂಜಿ ಚುಚ್ಚಿ ಎಳೆದುಬಿಟ್ಟರೆ ಸಂಜೆಗೆ ಬಾವು ಇಳಿಯುತ್ತದೆ ಅಂತ ಸೂಜಿ ಹಿಡಿದೇ ನಿಂತ. ಕೆಲವು ವರ್ಷದ ಹಿಂದೆ ಇನ್ನೊಂದು ಊರಿನ ಹೋರಿಗೆ ಹೀಗೇ ಸೂಜಿ ಹಾಕಿ, ಅದು ಕೀವು ತುಂಬಿ, ಕೊನೆಗೆ ಹೋರಿ ಕೆಲಸಕ್ಕೆ ಬಾರದೆ ಹೋದದ್ದು ನನಗೆ ಗೊತ್ತಿತ್ತು. ಯಾರಿಗೂ ಮುಟ್ಟಲು ಬಿಡದೆ ಆಸ್ಪತ್ರೆಗೆ ಫೋನ್ ಮಾಡಿದೆ. ಹೋರಿಯನ್ನು ನಡೆಸಿಕೊಂಡು ಬರಬೇಡಿ, ನಾನೇ ಬರುತ್ತೇನೆ ಅಂದರು ಡಾಕ್ಟರ್. ಬಿಸಿಲು ಇಳಿಯುವ ಮುಂಚೆ ಬಂದರು.

ಬಂದವರು ಬಾವು ನೋಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಗಂಜಳ ಹುಯ್ತಾ? ನೀವೇ ಕಣ್ಣಲ್ಲಿ ನೋಡಿದ್ರಾ?"

ನೋಡಿದ್ದೆ. ಧಾರೆ ಸಣ್ಣಗಿತ್ತು, ಆದರೆ ತಡೆಯಿಲ್ಲದೆ ಹೋಗಿತ್ತು. ಆ ಪ್ರಶ್ನೆ ಯಾಕೆ ಅಂತ ಆಮೇಲೆ ತಿಳಿಯಿತು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ನಾಳ ಒಡೆದರೂ ಹೊಟ್ಟೆಯ ಕೆಳಗೆ ಇಂಥದೇ ಬಾವು ಬರುತ್ತದೆ. ಅದು ಸೋರಿದ ಮೂತ್ರ. ಆಗ ಗಂಜಳ ತೊಟ್ಟಿಕ್ಕುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ, ದನ ತಿಣುಕುತ್ತದೆ, ಬಾಲ ಎತ್ತಿಕೊಂಡು ಒದ್ದಾಡುತ್ತದೆ, ತೊಗಲ ತುದಿಯ ಕೂದಲಿನಲ್ಲಿ ಮರಳಿನಂಥ ಹರಳು ಕಟ್ಟಿರುತ್ತದೆ. ಚಿಕ್ಕಂದಿನಲ್ಲೇ ಬೀಜ ಹಿಸುಕಿಸಿದ ಎತ್ತುಗಳಲ್ಲಿ ನಾಳ ಸಣ್ಣಗೇ ಉಳಿಯುವುದರಿಂದ ಈ ತೊಂದರೆ ಹೆಚ್ಚು. ಹಾಗೇನಾದರೂ ಆಗಿದ್ದರೆ ರಾತ್ರಿ ಕಾಯುವ ಹಾಗೇ ಇಲ್ಲ. ಬಾವು ಒಂದೇ ಥರ ಕಂಡರೂ ದಾರಿ ಪೂರ್ತಿ ಬೇರೆ. ಆ ಒಂದು ಪ್ರಶ್ನೆಗೇ ಒಂದು ಅಂಕ ಕೊಡಬಹುದು.

ಆಮೇಲೆ ಕಾಂಪೌಂಡರಣ್ಣ ಮೂಗುದಾರ ಹಿಡಿದ. ಡಾಕ್ಟರ್ ಹೋರಿಯ ಪಕ್ಕ ಮಂಡಿಯೂರಿ ಕೂತು ತರಡಿನಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದರು. ತರಡು ಎರಡೂ ಮೆತ್ತಗೆ ಸರಿಯಾಗಿ ಜಾರುತ್ತವೆ, ಪೆಟ್ಟು ಅಲ್ಲಿಲ್ಲ. ಬಾವು ತರಡಿಗೆ ಸರಿಯಾಗಿ ಮುಂದೆ ಇದೆ. ಹಾರುವಾಗ ಆಗಿದೆ, ಆಗಿ ಕೆಲವು ಗಂಟೆಯಲ್ಲೇ ಬಂದಿದೆ. "ಇದು ಶಿಶ್ನದ ಒಳಪೊರೆ ಹರಿದು ರಕ್ತ ಕಟ್ಟಿರೋದು ಅಮ್ಮಾ" ಅಂದರು.

ನನಗೆ ಅರ್ಥವಾಗುವ ತನಕ ವಿವರಿಸಿದರು. ಹೋರಿಯ ಶಿಶ್ನ ಸುಮಾರು ಮೂರು ಅಡಿ ಉದ್ದ. ಅದು ಹೊಟ್ಟೆಯ ಕೆಳಗೆ, ತರಡಿನ ಹತ್ತಿರ, ಎರಡು ಮಡಿಕೆಯಾಗಿ ಬಾಗಿ ಕೂತಿರುತ್ತದೆ. ನಿಗುರಿದಾಗ ಆ ಬಾಗು ನೇರವಾಗಿ ಹೊರಗೆ ಬರುತ್ತದೆ. ಒಳಗೆ ರಕ್ತ ತುಂಬುವ ಭಾಗವನ್ನು ಬಿಗಿಯಾದ ಬಿಳಿ ಪೊರೆ ಸುತ್ತಿಕೊಂಡಿದೆ. ಹಾರಿ ನುಗ್ಗುವ ಆ ಕ್ಷಣದಲ್ಲಿ ಅದರೊಳಗಿನ ಒತ್ತಡ ಮೈಯಲ್ಲಿ ಮಾಮೂಲಿ ಹರಿಯುವ ರಕ್ತದ ಒತ್ತಡದ ಹತ್ತಾರು ಪಟ್ಟು ಏರುತ್ತದೆ. ಅದೇ ಕ್ಷಣದಲ್ಲಿ ಹಸು ವಾಲಿದರೆ, ಕುಸಿದರೆ, ತುದಿ ಯೋನಿಗೆ ಹೋಗದೆ ಪಕ್ಕದ ಮೂಳೆಗೆ ಬಡಿದರೆ, ಬಾಗಿನ ಜಾಗದಲ್ಲಿ ಮೇಲುಮೈಗೆ ಪೊರೆ ಟಪ್ಪನೆ ಹರಿಯುತ್ತದೆ. ಮೂಳೆ ಇಲ್ಲದಿದ್ದರೂ ಜನ ಇದನ್ನು "ಮುರಿದಿದೆ" ಅನ್ನುವುದು ಇದಕ್ಕೇ. ಒತ್ತಡದಲ್ಲಿದ್ದ ರಕ್ತ ಸುತ್ತಲ ಮಾಂಸಕ್ಕೆ ನುಗ್ಗಿ ಗಡ್ಡೆಯಾಗುತ್ತದೆ. ಆ ರಕ್ತದಲ್ಲಿ ಕೊಳೆ ಇಲ್ಲ, ಸೋಂಕಿಲ್ಲ. ಸೂಜಿ ಚುಚ್ಚಿದರೆ ಆ ತೂತಿನಿಂದಲೇ ಸೋಂಕು ಒಳಗೆ ಹೋಗುತ್ತದೆ. ಕಟ್ಟಿದ ರಕ್ತ ಕೀವಿಗೆ ಹೇಳಿ ಮಾಡಿಸಿದ ಜಾಗ. ಹೆಪ್ಪುಗಟ್ಟಿದ್ದು ಸೂಜಿಯಲ್ಲಿ ಹೊರಗೂ ಬರುವುದಿಲ್ಲ. ನಾನು ಯಾರಿಗೂ ಮುಟ್ಟಲು ಬಿಟ್ಟಿಲ್ಲ ಅಂದಾಗ ಡಾಕ್ಟರ್ ಮುಖದಲ್ಲಿ ಕಂಡ ಸಮಾಧಾನ ನನಗೆ ಈಗಲೂ ನೆನಪಿದೆ.

ಇಲ್ಲಿ ಎರಡು ದಾರಿ ಇವೆ. ಗಡ್ಡೆ ದೊಡ್ಡದಾಗಿದ್ದರೆ, ಬೆಲೆಬಾಳುವ ಹೋರಿಯಾಗಿದ್ದರೆ, ಪೆಟ್ಟಾದ ವಾರ ಹತ್ತು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪು ತೆಗೆದು ಹರಿದ ಪೊರೆ ಹೊಲಿಯಬಹುದು. ತಡವಾದರೆ ಒಳಗೆಲ್ಲ ಅಂಟಿಕೊಂಡು ಹೊಲಿಯುವುದು ಕಷ್ಟವಾಗುತ್ತದೆ. ಅದಕ್ಕೆ ನಮಗೆ ಹತ್ತಿರವೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಗಡ್ಡೆ ಚಿಕ್ಕದಿದ್ದರೆ ಔಷಧಿ ಮತ್ತು ವಿಶ್ರಾಂತಿಯಲ್ಲೇ ಎಷ್ಟೋ ಹೋರಿಗಳು ಸುಧಾರಿಸುತ್ತವೆ. ನಮ್ಮದರ ಗಡ್ಡೆ ಅಗಲದಲ್ಲಿ ಒಂದು ಗೇಣಿಗಿಂತ ಕಡಿಮೆ ಇತ್ತು. ಡಾಕ್ಟರ್ ಎರಡನ್ನೂ ಎದುರಿಗಿಟ್ಟು, ಇಷ್ಟು ಚಿಕ್ಕದಕ್ಕೆ ವಿಶ್ರಾಂತಿಯ ದಾರಿಯೇ ಸಾಕು ಅಂತ ತಮಗೆ ಅನ್ನಿಸುತ್ತದೆ, ಆದರೆ ಗ್ಯಾರಂಟಿ ಕೊಡಲು ಆಗುವುದಿಲ್ಲ ಅಂದರು. ಒಳಗಿನ ನರಕ್ಕೆ ಏಟಾಗಿದ್ದರೆ ತುದಿಯಲ್ಲಿ ಸ್ಪರ್ಶ ಹೋಗಿ, ಹೋರಿ ಹಾರಿದರೂ ದಾರಿ ಸಿಗದೆ ಒದ್ದಾಡುತ್ತದೆ. ಒಳಗೆ ಅಂಟು ಬಿದ್ದರೆ ಶಿಶ್ನ ಪೂರ್ತಿ ಹೊರಗೆ ಬರುವುದಿಲ್ಲ. ಇದನ್ನೆಲ್ಲ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಮಾತಿನಲ್ಲಿ ಧೈರ್ಯ ತುಂಬಿ ಕಳಿಸಿ, ತಿಂಗಳಾದ ಮೇಲೆ ಕೈ ಚೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಕೀವಾಗದಂತೆ ಆ್ಯಂಟಿಬಯೋಟಿಕ್, ನೋವು ಬಾವಿಗೆ ಮೆಲೋಕ್ಸಿಕಾಮ್ ಕೊಟ್ಟರು. ಡೈಕ್ಲೋ ಕೊಡಿ, ಬೇಗ ಕೆಲಸ ಮಾಡುತ್ತೆ ಅಂತ ನಮ್ಮ ಮೈದುನ ಕೇಳಿದ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ, ಅದಕ್ಕೇ 2006ರಿಂದ ದನಗಳಿಗೆ ಅದನ್ನು ಕೊಡುವಂತಿಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ನಮ್ಮ ಗುಡ್ಡಗಳ ಕಡೆ ರಣಹದ್ದು ಹಾರುತ್ತಿದ್ದದ್ದನ್ನು ಮಾವ ಹೇಳುತ್ತಿದ್ದರು, ನಾನು ನೋಡಿಲ್ಲ.

ಉಳಿದ ಚಿಕಿತ್ಸೆ ಎಲ್ಲ ನಮ್ಮ ಕೈಯಲ್ಲಿತ್ತು. ಮೊದಲ ದಿನಗಳಲ್ಲಿ ಪೈಪಿನಿಂದ ತಣ್ಣೀರು, ರಭಸ ಇಲ್ಲದ ಹಾಗೆ, ದಿನಕ್ಕೆ ಎರಡು ಹೊತ್ತು ಬಾವಿನ ಮೇಲೆ ಬಿಡುವುದು. ಬಿಸಿ ಕಡಿಮೆಯಾದ ಮೇಲೆ ಉಗುರುಬೆಚ್ಚಗಿನ ನೀರು. ಹೊರಗೆ ಇಣುಕುವ ಚರ್ಮ ಒಣಗದಂತೆ ಮುಲಾಮು. ಹುರುಳಿ, ಹಿಂಡಿ ಕಡಿಮೆ ಮಾಡಿ ಸೊಪ್ಪೆ, ಶೇಂಗಾ ಹೊಟ್ಟು, ಹಸಿಮೇವಿನ ಮೇಲೆ ಇಡುವುದು, ಕೂತು ತಿಂದು ಮೈ ಬರಬಾರದಲ್ಲ. ಇವೆಲ್ಲಕ್ಕಿಂತ ಕಷ್ಟದ್ದು ಒಂದಿತ್ತು: ಹೋರಿಯ ಕಣ್ಣಿಗೆ, ಮೂಗಿಗೆ ಬೆದೆಯ ಹಸು ಸಿಗಬಾರದು. ಹಾರದಿದ್ದರೂ ಸರಿ, ಹಸು ನೋಡಿ ನಿಗುರಿದರೆ ಸಾಕು, ಅದೇ ಒತ್ತಡ ಎದ್ದು ಕೂಡುತ್ತಿರುವ ಗಾಯ ಮತ್ತೆ ಬಿಟ್ಟುಕೊಳ್ಳುತ್ತದೆ. ಪೆಟ್ಟಾದ ಹೋರಿಗಳು ಎರಡನೇ ಸಲ ಹಾಳಾಗುವುದು ಹೆಚ್ಚಾಗಿ ಹೀಗೇ ಅಂತೆ. ಎರಡರಿಂದ ಮೂರು ತಿಂಗಳು ಈ ವಿಶ್ರಾಂತಿ ಬೇಕು ಅಂದರು. ಕೊಟ್ಟಿಗೆಯಿಂದ ಹೋರಿಯನ್ನು ಬಿಡಿಸಿ ತೋಟದ ಆಚೆ ಹುಣಸೆಮರದ ಕೆಳಗೆ ಗೂಟ ಹೊಡೆದು ಕಟ್ಟಿದೆವು. ಹಸು ಹೊಡೆದುಕೊಂಡು ಬಂದವರನ್ನೆಲ್ಲ ವಾಪಸ್ಸು ಕಳಿಸಬೇಕಾಯಿತು. "ಬಾವು ಇಳಿದಿದೆಯಲ್ಲಾ ಯಕ್ಕಾ, ಒಂದ್ಸಲ ಬಿಡು" ಅಂತ ಗೋಗರೆದವರು ಎಷ್ಟೋ ಜನ. ಬಾವು ಇಳಿಯುವುದು ಬೇರೆ, ಒಳಗಿನ ಪೊರೆ ಗಟ್ಟಿಯಾಗುವುದು ಬೇರೆ. ಗಬ್ಬ ಕಟ್ಟಿಸಬೇಕಾದವರನ್ನು ಆಸ್ಪತ್ರೆಗೇ ಕಳಿಸಿದೆ, ಅಲ್ಲಿ ದ್ರವ ಸಾರಜನಕದ ಕ್ಯಾನಿನಲ್ಲಿ ಹಳ್ಳಿಕಾರ್ ಹೋರಿಯ ವೀರ್ಯದ ನಳಿಕೆಗಳೂ ಇರುತ್ತವೆ.

ಆ ಅವಧಿಯಲ್ಲಿ ಡಾಕ್ಟರ್ ನಮ್ಮ ದಾರಿಯಲ್ಲಿ ಬಂದಾಗಲೆಲ್ಲ ಗಾಡಿ ನಿಲ್ಲಿಸಿ ನೋಡಿ ಹೋದರು. ವಿಶ್ರಾಂತಿ ಮುಗಿದ ಮೇಲೆ ಕೈಯಲ್ಲಿ ಒತ್ತಿ ನೋಡಿ, ಬಾವಿದ್ದ ಜಾಗದಲ್ಲಿ ಸಣ್ಣ ಗಂಟು ಮಾತ್ರ ಉಳಿದಿದೆ ಅಂದರು. ತಾವೇ ಎದುರಿಗೆ ನಿಂತು, ಸಮ ಎತ್ತರದ, ಸಾಧುವಾದ ನಮ್ಮದೇ ಹಸುವಿಗೆ ಬಿಡಿಸಿದರು. ಶಿಶ್ನ ಪೂರ್ತಿ ಹೊರಗೆ ಬರುತ್ತದಾ, ನೇರ ಇದೆಯಾ, ಹೋರಿ ತಾನೇ ದಾರಿ ಹುಡುಕಿಕೊಳ್ಳುತ್ತದಾ ಅಂತ ನೋಡುವುದಕ್ಕೆ. ಎಲ್ಲ ಸರಿ ಇತ್ತು. ಹಾರಿದ ತಕ್ಷಣ ಹಸುವಿನ ಯೋನಿಯಿಂದ ಪಿಪೆಟ್ಟಿನಲ್ಲಿ ಸ್ವಲ್ಪ ವೀರ್ಯ ಎಳೆದು, ಬಾಟಲಿಯನ್ನು ಬೆಚ್ಚಗೆ ಅಂಗೈಯಲ್ಲಿ ಮುಚ್ಚಿಕೊಂಡು ಹೋಗಿ ಗಾಡಿಯಲ್ಲಿ ತಂದಿದ್ದ ಸೂಕ್ಷ್ಮದರ್ಶಕದಲ್ಲಿಟ್ಟು ನನಗೂ ತೋರಿಸಿದರು. ಮೋಡ ಸುಳಿಯುವ ಹಾಗೆ ಅಲೆ ಅಲೆಯಾಗಿ ಓಡಾಡುತ್ತಿತ್ತು. ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಈ ಪರೀಕ್ಷೆ ಇಷ್ಟು ತಡವಾಗಿ ಯಾಕೆ? ತರಡಿನಲ್ಲಿ ಒಂದು ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಸುಮಾರು ಎರಡು ತಿಂಗಳು ಬೇಕು. ಇವತ್ತು ಜ್ವರ, ಬಾವು ಬಂದರೆ ಅದರ ಕೆಡುಕು ಕಾಣುವುದು ವಾರಗಳಾದ ಮೇಲೆ. ಅದು ಹೋಗಿ ಸರಿಯಾಗುವುದೂ ಹಾಗೇ. ಜ್ವರ ಬಂದು ಹೋದ ಹೋರಿಗೆ ಹಸು ಬಿಟ್ಟು ಗಬ್ಬ ನಿಲ್ಲದಿದ್ದರೆ ಹಸುವನ್ನೇ ದೂರುವ ನಮ್ಮ ರೂಢಿ ಬದಲಾಗಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದು ಎಷ್ಟು ಹೋರಿಗಳಲ್ಲಿ ಆಗಿರಬಹುದು ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ನಮ್ಮೊಂದೇ ಹೋರಿ ನೋಡಿ ಅಂಕ ಕೊಡುತ್ತಿಲ್ಲ. ಅದೇ ಆಸ್ಪತ್ರೆಯಲ್ಲಿ ನಾನು ಕೂತು ನೋಡಿದ ಇನ್ನೆರಡು ಚಿಕಿತ್ಸೆ ಹೇಳಬೇಕು.

ಒಂದು, ಗಿರ್ ಹೋರಿಯದು. ಈಗ ನಮ್ಮ ಕಡೆ ಹಾಲಿಗೆಂದು ಗಿರ್ ತರಿಸುವವರು ಹೆಚ್ಚಾಗಿದ್ದಾರೆ. ಹಳ್ಳಿಕಾರ್, ಅಮೃತಮಹಲ್ ಹೋರಿಗಳ ಶಿಶ್ನದ ತೊಗಲು ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಗಿರ್, ಸಾಹಿವಾಲ್‌ಗಳದು ಜೋಲುಬೀಳುತ್ತದೆ. ಬಳ್ಳಾರಿ ಜಾಲಿ ತುಂಬಿದ ನಮ್ಮ ಬಯಲಿನಲ್ಲಿ ಅದು ಮುಳ್ಳಿಗೆ, ತಂತಿಬೇಲಿಗೆ, ಕೊಯ್ದ ಜೋಳದ ಕೂಳೆಗೆ ಸಿಕ್ಕಿ ತರಚುತ್ತದೆ. ಒಳಚರ್ಮ ಬಾತು ಹೊರಗೆ ಜಾರಿ, ಮತ್ತೆ ಒಳಗೆ ಹೋಗಲಾಗದೆ, ಬಿಸಿಲು ಧೂಳಿಗೆ ಒಣಗಿ ಬಿರಿಯುತ್ತದೆ. ಆ ಹೋರಿಯದು ಮುಷ್ಟಿ ಗಾತ್ರಕ್ಕೆ ಬಾತು ನೆಲ ಸವರುವ ಹಾಗೆ ಜೋತಾಡುತ್ತಿತ್ತು. ಡಾಕ್ಟರ್ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಮ್ಯಾಗ್‌ಸಲ್ಫ್ (ಮೆಗ್ನೀಸಿಯಮ್ ಸಲ್ಫೇಟ್) ಗ್ಲಿಸರಿನ್ ಹಚ್ಚಿ ಕೈಯಲ್ಲಿ ಹಿಡಿದು ಕಾದರು. ಅದು ಬಾವಿನ ನೀರು ಎಳೆಯುತ್ತದೆ. ಸ್ವಲ್ಪ ಕುಗ್ಗಿದ ಮೇಲೆ ಮುಲಾಮು ತುಂಬಿ, ಗಂಜಳ ಹೋಗಲು ಮೆತ್ತನೆಯ ರಬ್ಬರ್ ಕೊಳವೆ ಒಳಗಿಟ್ಟು, ಮೇಲೆ ಹತ್ತಿಬಟ್ಟೆ ಸುತ್ತಿ ಪಟ್ಟಿ ಅಂಟಿಸಿದರು. ಬಿಗಿಯಾಗಿ ಸುತ್ತಿದರೆ ರಕ್ತ ಓಡಾಡದೆ ಚರ್ಮವೇ ಸಾಯುತ್ತದೆ ಅಂತ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟರು. ಗೋಣಿತಾಟನ್ನು ಹೊಟ್ಟೆಯ ಕೆಳಗಿಂದ ತಂದು ಬೆನ್ನಿನ ಮೇಲೆ ಕಟ್ಟಿ ಜೋಲುವ ಭಾಗವನ್ನು ಎತ್ತಿ ನಿಲ್ಲಿಸಿದರು. ಜೋತಷ್ಟೂ ನೀರು ಇಳಿದು ಬಾಯುತ್ತದೆ, ಎತ್ತಿ ಕಟ್ಟುವುದೇ ಅರ್ಧ ಔಷಧಿ. ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸಿದರು. ಬೇಗ ತಂದಿದ್ದಕ್ಕೆ ಉಳಿಯಿತು. ತಡವಾದರೆ ಕೆಟ್ಟ ಚರ್ಮ ಕತ್ತರಿಸಿ ಉಳಿದದ್ದನ್ನು ಸೇರಿಸಿ ಹೊಲಿಯಬೇಕಾಗುತ್ತದೆ.

ಇನ್ನೊಂದು ಮ್ಯಾಸನಾಯಕರ (ನಮ್ಮ ಕಡೆಯ ದನಗಾಹಿ ಬುಡಕಟ್ಟು) ದೇವರ ಎತ್ತುಗಳ ಹಿಂಡಿನ ಒಂದು ಹೋರಿ. ಕಾವಲಿನಲ್ಲಿ ಮುಳ್ಳುತಂತಿ ಸಿಕ್ಕಿ ತರಡಿನ ಚೀಲ ಒಂದು ಬದಿ ಸೀಳಿತ್ತು, ಹುಳ ಬಿದ್ದಿತ್ತು. ಡಾಕ್ಟರ್ ರೊಪ್ಪದ (ದನ ಕೂಡುವ ಬೇಲಿಯ) ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದರು. ಹಿಂಡು ಕಾಯುವ ಕಿಲಾರಿ ಹೇಳಿದ ಜಾಗದಲ್ಲೇ ಹೋರಿಯನ್ನು ಮಲಗಿಸಿದರು. ಮರವಿನ ಇಂಜೆಕ್ಷನ್ ಕೊಟ್ಟು, ಹುಳಗಳನ್ನು ಒಂದೊಂದಾಗಿ ಇಕ್ಕುಳದಲ್ಲಿ ತೆಗೆದು, ಸತ್ತ ಚರ್ಮ ಕತ್ತರಿಸಿ, ಕೊನೆಯಲ್ಲಿ ರಸಿ ಇಳಿಯಲು ದಾರಿ ಬಿಟ್ಟು ಹೊಲಿದರು. ತರಡು ಮೈಗಿಂತ ನಾಲ್ಕೈದು ಡಿಗ್ರಿ ತಣ್ಣಗಿರಬೇಕು, ಅದಕ್ಕೇ ಅದು ಮೈಯ ಹೊರಗೆ ಜೋತಿರುವುದು. ಒಂದು ಬದಿ ಬಾತು ಕಾದರೆ ಆ ಕಾವು ಪಕ್ಕದ ಒಳ್ಳೆಯ ಬೀಜವನ್ನೂ ಕೆಡಿಸುತ್ತದೆ. ಒಂದು ಪೂರ್ತಿ ಕೆಟ್ಟಿದ್ದರೆ ಅದನ್ನು ತೆಗೆದು ಇನ್ನೊಂದನ್ನು ಉಳಿಸಬಹುದು, ಒಂದೇ ಬೀಜದ ಹೋರಿಯಿಂದಲೂ ಕರು ಆಗುತ್ತವೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಗಾಯದ ಗುರುತೇ ಇಲ್ಲದೆ ತರಡು ಬಾತು ಕೆಂಪಾದರೆ ಕಂದುರೋಗದ ಅನುಮಾನ ಪಡಬೇಕು ಅಂತ ಕಿಲಾರಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಬ್ರುಸೆಲ್ಲೋಸಿಸ್ ಅನ್ನುತ್ತಾರೆ ಅದನ್ನು. ಹಸು ಕಂದು ಹಾಕುವ ಅದೇ ರೋಗ ಹೋರಿಯ ತರಡಿಗೂ ಕೂರುತ್ತದೆ, ಮನುಷ್ಯರಿಗೂ ಬರುತ್ತದೆ. ಆ ರಕ್ತಪರೀಕ್ಷೆ ನಮ್ಮ ಹೋರಿಗೆ ವರ್ಷಕ್ಕೊಮ್ಮೆ ಮಾಡಿಸುತ್ತೇನೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ಗಂಡುಕರುಗಳಿಗೆ ಹಾಕುವಂತಿಲ್ಲ, ಆ ಲಸಿಕೆಯಿಂದಲೇ ತರಡು ಬಾಯಬಹುದು.

ಆಸ್ಪತ್ರೆಯವರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಸಾಕಷ್ಟಿದೆ. ಹಸು ಬಿಡುವ ಜಾಗದಲ್ಲಿ ಕೆಸರು ಆಗದಂತೆ ನೆಲ ಎತ್ತರಿಸಿ ಹಳ್ಳದ ಮರಳು ಹಾಸಿದ್ದೇವೆ. ಸಿಮೆಂಟ್ ಹಾಕಿಸೋಣ ಅಂತ ಮನೆಯವರು ಅಂದಿದ್ದರು, ಡಾಕ್ಟರ್ ಬೇಡವೇ ಬೇಡ ಅಂದರು, ಗಂಜಳ ಬಿದ್ದ ಸಿಮೆಂಟಿನಷ್ಟು ಜಾರುವುದು ಇನ್ನೊಂದಿಲ್ಲ. ಹಸುವನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಿ, ಅದರ ಮಾಲೀಕ ತಲೆ ಹಿಡಿದು ನಿಲ್ಲಬೇಕು. ನಿಲ್ಲುವುದಿಲ್ಲ ಅಂದರೆ ಹೋರಿ ಬಿಡುವುದಿಲ್ಲ. ಹಸು ತೀರಾ ಎತ್ತರವಿದ್ದರೆ ತಗ್ಗಿನಲ್ಲಿ ನಿಲ್ಲಿಸಿ ಹೋರಿಗೆ ಏರುನೆಲ ಕೊಡುತ್ತೇವೆ. ಸಣ್ಣ ಮಣಕಗಳನ್ನು ತಂದವರಿಗೆ ನಳಿಕೆ ಹಾಕಿಸಿ ಅನ್ನುತ್ತೇನೆ, ಭಾರಕ್ಕೆ ಕುಸಿದರೆ ಎರಡಕ್ಕೂ ಪೆಟ್ಟು. ಬೆದೆ ಪೂರ್ತಿ ಬಂದು ಹಸು ತಾನೇ ನಿಂತುಕೊಟ್ಟರೆ ಮಾತ್ರ ಬಿಡುವುದು. ಒಲ್ಲದ ಹಸುವನ್ನು ನಾಲ್ಕು ಜನ ಹಿಡಿದು ಬಿಡಿಸುವ ಕಡೆಯೇ ಇಂಥ ಪೆಟ್ಟು ಹೆಚ್ಚು. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಮುಗಿಸುತ್ತೇವೆ. ಗೊರಸು ಬೆಳೆಯಲು ಬಿಡುವುದಿಲ್ಲ, ಕಾಲು ನೋಯುವ ಹೋರಿ ಸರಿಯಾಗಿ ಹಾರುವುದಿಲ್ಲ. ಹಾರಿ ಇಳಿದ ಮೇಲೆ ಪ್ರತಿ ಸಲ ಬಗ್ಗಿ ಹೊಟ್ಟೆಯ ಕೆಳಗೆ ನೋಡುತ್ತೇನೆ: ರಕ್ತದ ಹನಿ ಇದೆಯಾ, ಬಾವಿದೆಯಾ, ಶಿಶ್ನ ಪೂರ್ತಿ ಒಳಗೆ ಹೋಯಿತಾ.

ಹರೆಯದ ಹೋರಿಗರು ಸಾಕುವವರಿಗೆ ಒಂದು ಮಾತು. ಒಂದೆರಡು ವರ್ಷದ ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಒಂದರ ಮೇಲೊಂದು ಹಾರುತ್ತವೆ. ಉದುರಿದ ಮೈಕೂದಲು ಶಿಶ್ನದ ಸುತ್ತ ಉಂಗುರದ ಹಾಗೆ ಸುತ್ತಿಕೊಂಡು ಬಿಗಿಯುತ್ತದೆ, ಬಿಟ್ಟರೆ ತುದಿಯೇ ಕೊಯ್ದುಹೋಗಬಹುದು. ಆ ವಯಸ್ಸಿನಲ್ಲಿ ತುದಿಯಲ್ಲಿ ನರೂಲಿಯೂ ಏಳುತ್ತದೆ, ಹಾರಿದಾಗ ರಕ್ತ ಸುರಿಯುತ್ತದೆ. ಮೊದಲ ಸಲ ಹಸುವಿಗೆ ಬಿಡುವ ಮುಂಚೆ ಆಸ್ಪತ್ರೆಯಲ್ಲಿ ಶಿಶ್ನ ಹೊರಗೆ ತೆಗೆಸಿ ನೋಡಿಸಿಬಿಡಿ, ಈ ಎರಡೂ ಆರಂಭದಲ್ಲಿ ಸುಲಭವಾಗಿ ಹೋಗುವಂಥವು.

ಕೊರತೆಗಳಿಗೆ ಬರುತ್ತೇನೆ. ಆಸ್ಪತ್ರೆಯ ಅಂಗಳದಲ್ಲಿ ದನ ನಿಲ್ಲಿಸುವ ಕಬ್ಬಿಣದ ಕಟ್ಟು ಹಸುವಿನ ಅಳತೆಯದು. ಬಲಿತ ಹೋರಿ ಅದರಲ್ಲಿ ತಿರುಚಿಕೊಂಡು ನಿಲ್ಲಬೇಕು. ಅದರ ಕೆಳಗೆ ನುಣುಪು ಕಾಂಕ್ರೀಟು, ಮೇಲೆ ನೆರಳಿಲ್ಲ. ಜಾರಿ ಬಿದ್ದು ಪೆಟ್ಟಾದ ಹೋರಿಯನ್ನು ಮತ್ತೆ ಜಾರುವ ನೆಲದ ಮೇಲೆ ನಿಲ್ಲಿಸುವುದು ನ್ಯಾಯವಲ್ಲ. ಒಂದು ಲೋಡ್ ಮರಳು, ನಾಲ್ಕು ತಗಡು ಹಾಕಿದರೆ ಮುಗಿಯುವ ಕೆಲಸ ಇದು. ಸ್ಕ್ಯಾನಿಂಗ್ ಯಂತ್ರ ಇಲ್ಲ, ಹಾಗಾಗಿ ಗಡ್ಡೆ ರಕ್ತವೋ ಕೀವೋ ಅನ್ನುವುದನ್ನು ಡಾಕ್ಟರ್ ಬರಿ ಬೆರಳಿನ ಅನುಭವದಲ್ಲೇ ಹೇಳಬೇಕು. ಕೆಲವು ಔಷಧಿ ಹೊರಗೆ ಬರೆದುಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಹಳ್ಳಿಗೆ ಒಬ್ಬರೇ ಡಾಕ್ಟರ್. ಅವರು ಲಸಿಕೆ ಕೆಲಸದಲ್ಲಿ ಹೊರಗಿದ್ದ ದಿನ ನಿಮ್ಮ ಹೋರಿಗೆ ಪೆಟ್ಟಾದರೆ ಕಾಯಬೇಕಾಗುತ್ತದೆ. ಆ ಒಂದು ಅಂಕ ಹಿಡಿದದ್ದು ಇದಕ್ಕೆ. ಅಲ್ಲಿ ದುಡಿಯುವವರ ಮೇಲೆ ನನಗೆ ದೂರಿಲ್ಲ.

ಬೀಜದ ಹೋರಿಯೇ ಬೇಡ, ಎಲ್ಲ ನಳಿಕೆಯಲ್ಲೇ ಆಗಲಿ ಅನ್ನುವವರಿದ್ದಾರೆ. ಹೋರಿಯಿಂದ ಹರಡುವ ರೋಗ, ಈ ಪೆಟ್ಟುಗಳ ಕಷ್ಟ ನೋಡಿದರೆ ಆ ಮಾತಿನಲ್ಲಿ ಹುರುಳಿದೆ, ನಮ್ಮ ಡಾಕ್ಟರ್ ಕೂಡ ಅದನ್ನೇ ಹೇಳುವುದು. ಆದರೆ ರಾತ್ರಿ ಬೆದೆಗೆ ಬಂದು ಬೆಳಿಗ್ಗೆ ಇಳಿಯುವ ನಾಟಿ ಹಸುಗಳಿಗೆ, ಬಸ್ಸೇ ಬಾರದ ಹಟ್ಟಿಗಳಿಗೆ, ಊರಲ್ಲಿ ಒಂದು ಒಳ್ಳೆಯ ಹಳ್ಳಿಕಾರ್ ಹೋರಿ ಇನ್ನೂ ಬೇಕೇಬೇಕು ಅನ್ನುವುದು ನನ್ನ ನಂಬಿಕೆ. ಇಟ್ಟುಕೊಂಡ ಮೇಲೆ ಅದರ ಮೈ ಕಾಯುವುದು ನಮ್ಮ ಹೊಣೆ.

ಹೋಗುವವರಿಗೆ: ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದ ಮೇಲೆ ಡಾಕ್ಟರ್ ಹಳ್ಳಿಗಳ ಕಡೆ ಹೊರಡುತ್ತಾರೆ. ಹಾರುವಾಗ ಆದ ಪೆಟ್ಟಾದರೆ ಹೋರಿಯನ್ನು ನಡೆಸಬೇಡಿ, ಮೊದಲು ಫೋನ್ ಮಾಡಿ. ಆಸ್ಪತ್ರೆಯ ಫೋನ್ ಸಿಗದಿದ್ದರೆ 1962ಕ್ಕೆ ಮಾಡಿ, ಪಶು ಸಂಜೀವಿನಿ ಗಾಡಿಗೆ ಕೇಳಿ. ಯಾವಾಗ ಹಾರಿತು, ಬಾವು ಯಾವ ಹೊತ್ತಿಗೆ ಕಂಡಿತು, ಕೊನೆಯದಾಗಿ ಗಂಜಳ ಹುಯ್ದದ್ದು ಯಾವಾಗ, ಈ ಮೂರನ್ನು ನೋಡಿಟ್ಟುಕೊಂಡು ಹೇಳಿ. ಕೊಟ್ಟ ಇಂಜೆಕ್ಷನ್ನಿನ ಖಾಲಿ ಬಾಟಲಿ ಇದ್ದರೆ ಜೊತೆಗೆ ಒಯ್ಯಿರಿ. ಹೋರಿಯನ್ನು ಟ್ರ್ಯಾಕ್ಟರಿನಲ್ಲಿ ತರಲೇಬೇಕಾದರೆ ಟ್ರೈಲರಿನ ತಳಕ್ಕೆ ಮರಳು, ಮೇಲೆ ಹುಲ್ಲು ಹಾಕಿ, ಬೆದೆಯ ಹಸುವನ್ನು ಅದೇ ಗಾಡಿಗೆ ಹತ್ತಿಸಬೇಡಿ.